657ಎಲ್: ಒಂದು ಫಾರ್ವರ್ಡ್ ಮೇಲಿನ ಜಗಳ

(ನಮ್ಮ ಎಂಜಿನಿಯರಿಂಗ್ ಬ್ಯಾಚಿನ ಗುಂಪು. 2026ರ ಏಪ್ರಿಲ್ ಸಂಬಳ ಬಂದ ದಿನ ಸಂಜೆ. ನಾನು ಇಲ್ಲಿ ಸಾಮಾನ್ಯವಾಗಿ ಬಾಯಿ ಬಿಡೋದಿಲ್ಲ. ನಡುವೆ ಬಂದ ಹುಟ್ಟುಹಬ್ಬದ ಕೇಕುಗಳನ್ನೂ ಶುಭರಾತ್ರಿ ಹೂಗಳನ್ನೂ ತೆಗೆದುಹಾಕಿದ್ದೇನೆ.)

ಶ್ರೀಧರ, ಮೈಸೂರು: *ಹಲವು ಬಾರಿ ಫಾರ್ವರ್ಡ್ ಆಗಿದೆ* ಯುಕೆ ಕನ್ನಡಿಗರ ಗಮನಕ್ಕೆ!! ಕೆಲಸದ ಜೊತೆ ಫ್ರೀಲಾನ್ಸ್ ಮಾಡುವವರಿಗೆ ಸರ್ಕಾರದಿಂದ ಹೊಸ "ಸೈಡ್ ಹಸಲ್ ಟ್ಯಾಕ್ಸ್". ಟ್ಯಾಕ್ಸ್ ಕೋಡ್ ಬದಲಾಗಿದ್ದರೆ ಅದು ದಂಡ. 24 ಗಂಟೆಯೊಳಗೆ ಕೆಳಗಿನ ಲಿಂಕ್ ಒತ್ತಿ ರೀಫಂಡ್ ಪಡೆಯಿರಿ. 10 ಜನರಿಗೆ ಕಳಿಸಿ.

ಶ್ರೀಧರ: ಅಲ್ಲಿರೋರು ನೋಡ್ಕೊಳ್ರಪ್ಪ.

ಗಿರೀಶ, ಸ್ಲೌ: ಯಾರೂ ಒತ್ತಬೇಡಿ. ಎಚ್‌ಎಂಆರ್‌ಸಿ (ಇಲ್ಲಿನ ತೆರಿಗೆ ಇಲಾಖೆ) ಲಿಂಕ್ ಕಳಿಸಿ ಬ್ಯಾಂಕ್ ವಿವರ ಕೇಳಲ್ಲ. ಇಂಥದ್ದು ಎಸ್‌ಎಂಎಸ್‌ನಲ್ಲಿ ಬಂದ್ರೆ 60599ಕ್ಕೆ ಫಾರ್ವರ್ಡ್ ಮಾಡಿ.

ರಶ್ಮಿ, ರೀಡಿಂಗ್: ಲಿಂಕ್ ಸುಳ್ಳು, ಸರಿ. ಆದ್ರೆ ನನ್ನ ಕೋಡ್ ನಿಜವಾಗ್ಲೂ ಬದಲಾಗಿದೆ ಕಣೋ. 1257ಎಲ್ ಇದ್ದದ್ದು 657ಎಲ್ ಆಗಿದೆ. ಸಂಬಳದಲ್ಲಿ 100 ಪೌಂಡ್ ಕಮ್ಮಿ.

ಶ್ರೀಧರ: ನೋಡಿದ್ರಾ! ಫಾರ್ವರ್ಡ್ ಅಂದ ಕೂಡಲೇ ಮೂಗು ಮುರೀತೀರಿ.

ಬಸವರಾಜ, ಗ್ಲಾಸ್ಗೋ: ಏನವಾ ಅದು, ಬಸ್ ನಂಬರ್ ಇದ್ದಂಗ ಐತಿ.

ಗಿರೀಶ: ಸಂಬಳದಲ್ಲಿ ಎಷ್ಟು ತೆರಿಗೆ ಹಿಡೀಬೇಕು ಅಂತ ಕಂಪನಿಗೆ ಹೇಳೋ ಗುರುತು, ಕೊನೇ ಅಂಕಿ ಕಿತ್ತ ಅಲೋವೆನ್ಸ್ ಅದು. ಸಾಮಾನ್ಯವಾಗಿ ತೆರಿಗೆ ಇಲ್ಲದ ಮೊತ್ತ 12,570 ಪೌಂಡ್, ಅದಕ್ಕೇ 1257. 2021ರಿಂದ ಅಲ್ಲೇ ನಿಂತಿದೆ, 2031ರ ತನಕ ಅಲ್ಲಾಡಿಸಲ್ಲ ಅಂತ ಹೋದ ನವೆಂಬರ್ ಬಜೆಟ್‌ನಲ್ಲಿ ಹೇಳಿಯೂ ಆಯ್ತು. ರಶ್ಮಿಗೆ ಅದರಲ್ಲಿ 6,000 ಕಳೆದಿದ್ದಾರೆ. 6,000ಕ್ಕೆ 20 ಪರ್ಸೆಂಟ್ ಅಂದ್ರೆ ವರ್ಷಕ್ಕೆ 1,200, ತಿಂಗಳಿಗೆ 100. ಲೆಕ್ಕ ಸರಿಯಾಗೇ ಇದೆ.

ರಶ್ಮಿ: ಲೆಕ್ಕ ಸರಿ ಇದ್ರೆ ಆಯ್ತಾ? ಆ 6,000 ನಾನು ವೆಬ್‌ಸೈಟ್ ಡಿಸೈನ್ ಮಾಡಿ 2024-25ರಲ್ಲಿ ದುಡಿದ ಲಾಭ. ರಿಟರ್ನ್ ಹಾಕಿ, ಜನವರಿಯಲ್ಲಿ ತೆರಿಗೆನೂ ಕಟ್ಟಿ ಆಗಿದೆ. ಈಗ ಅದೇ ಅಂಕಿ ತಗೊಂಡು ಈ ವರ್ಷವೂ ಅಷ್ಟೇ ದುಡೀತಾಳೆ ಅಂತ ಅಂದಾಜು ಹಾಕಿದ್ದಾರೆ. ಆ ಕ್ಲೈಂಟ್ ಫೆಬ್ರವರಿಯಲ್ಲೇ ಅಂಗಡಿ ಮುಚ್ಚಿದ. ಈ ವರ್ಷ ಒಂದು ಪೌಂಡ್ ಬಂದಿಲ್ಲ.

ಮಂಜುಳಾ, ಬೆಂಗಳೂರು: ಫ್ರೀಲಾನ್ಸ್ ಮಾಡೋಕೆ ನಿನ್ನ ವೀಸಾ ಬಿಡುತ್ತಾ?

ರಶ್ಮಿ: ಐಎಲ್‌ಆರ್ (ಕಾಯಂ ವಾಸದ ಅನುಮತಿ) ಬಂದ ಮೇಲೇ ಶುರು ಮಾಡಿದ್ದು ಮಾರಾಯ್ತಿ.

ಶ್ರೀಧರ: ಹಾಗಾದ್ರೆ ಇದು ದಂಡವೇ ಅಲ್ವಾ? ಬೇರೆ ಹೆಸರು ಅಷ್ಟೇ.

ಗಿರೀಶ: ದಂಡನೂ ಅಲ್ಲ, ಹೊಸ ತೆರಿಗೆನೂ ಅಲ್ಲ. ಹೊಸದಾಗಿ ಬಂದದ್ದು ಒಂದೇ, 2024ರ ಜನವರಿಯಿಂದ ಆನ್‌ಲೈನ್ ಪ್ಲಾಟ್‌ಫಾರ್ಮ್‌ಗಳು ತಮ್ಮಲ್ಲಿ ಮಾರೋರ ಆದಾಯದ ವಿವರ ಎಚ್‌ಎಂಆರ್‌ಸಿಗೆ ಕೊಡಬೇಕು ಅನ್ನೋ ನಿಯಮ. ಅದಕ್ಕೇ ಯಾರೋ "ಸೈಡ್ ಹಸಲ್ ಟ್ಯಾಕ್ಸ್" ಅಂತ ನಾಮಕರಣ ಮಾಡಿ ತೊಟ್ಟಿಲು ತೂಗ್ತಿದ್ದಾರೆ. ರಶ್ಮಿದು ಮಾಮೂಲಿ ವಿಷಯ. ರಿಟರ್ನ್‌ನಲ್ಲಿ ಒಂದು ಪೆಟ್ಟಿಗೆ ಇರುತ್ತೆ, "ಮುಂದಿನ ಆದಾಯದ ತೆರಿಗೆಯನ್ನ ನನ್ನ ಕೋಡ್ ಮೂಲಕ ಹಿಡೀಬೇಡಿ" ಅಂತ. ಗುರುತು ಹಾಕದಿದ್ರೆ ಅವರು ಹಿಡೀಬಹುದು.

ಬಸವರಾಜ: 3,000 ತನಕ ತೆರಿಗೀನೇ ಇಲ್ಲಂತ ಎಲ್ಲೋ ಓದೀನಲ್ಲ?

ಗಿರೀಶ: ಅರ್ಧ ಓದಿದೀಯ. *ರಿಟರ್ನ್ ಹಾಕೋ* ಮಿತಿಯನ್ನ 1,000ದಿಂದ 3,000ಕ್ಕೆ ಏರಿಸ್ತೀವಿ ಅಂತ 2025ರ ಮಾರ್ಚ್‌ನಲ್ಲಿ ಹೇಳಿದ್ದಾರೆ. ತೆರಿಗೆ ಈಗಲೂ 1,000 ದಾಟಿದ್ದಕ್ಕೆಲ್ಲಾ ಇದೆ.

ಮಂಜುಳಾ: ನಮ್ಮಲ್ಲಿ ಬೇರೆ ಆದಾಯ ಇದ್ರೆ ನಾವಾಗೇ ಕಂಪನಿಗೆ ಹೇಳಿದ್ರೆ ಮಾತ್ರ ಸಂಬಳದಲ್ಲಿ ಹಿಡೀತಾರೆ. ಇಲ್ಲಾಂದ್ರೆ ಅಡ್ವಾನ್ಸ್ ಟ್ಯಾಕ್ಸ್ ಕಟ್ಕೊಂಡು ಸುಮ್ನಿರ್ತೀವಿ. ನಿಮ್ಮಲ್ಲಿ ಸರ್ಕಾರವೇ ಊಹೆ ಮಾಡಿ ಕಂಪನಿಗೆ ಹೇಳುತ್ತಾ? ನಿಮ್ಮ ಮ್ಯಾನೇಜರ್‌ಗೆ ಗೊತ್ತಾಗಲ್ವಾ ನೀನು ಹೊರಗೆ ಕೆಲಸ ಮಾಡ್ತೀಯ ಅಂತ?

ರಶ್ಮಿ: ಪೇಸ್ಲಿಪ್ ನೋಡಿದಾಗ ನನಗೂ ಮೊದಲು ಅದೇ ಭಯ ಆಗಿದ್ದು, ದುಡ್ಡಿಗಿಂತ ಹೆಚ್ಚು. ಆದ್ರೆ ಕಂಪನಿಗೆ ಹೋಗೋದು ಕೋಡ್ ಮಾತ್ರ, ಕಾರಣ ಹೋಗಲ್ಲ. ಕಾರಣ ಬರೆದ ಕಾಗದ ನನಗೊಬ್ಬಳಿಗೇ ಬರೋದು. 657 ಅಂದ್ರೆ ಕಂಪನಿ ಕಾರ್ ಇರಬಹುದು, ಬ್ಯಾಂಕ್ ಬಡ್ಡಿ ಇರಬಹುದು, ಹಳೇ ಬಾಕಿ ಇರಬಹುದು. ಪೇರೋಲ್ ಹುಡುಗಿಗೆ ಏನೂ ಗೊತ್ತಾಗಲ್ಲ. ಅವಳಿಗೆ ಅದನ್ನ ತಿದ್ದೋ ಅಧಿಕಾರನೂ ಇಲ್ಲ. ಬಂದ ಕೋಡ್ ಹಾಕಲೇಬೇಕು.

ಗಿರೀಶ: ನನ್ನ ಕೇಳಿದ್ರೆ ಹಾಗೇ ಬಿಟ್ಬಿಡು. ತಿಂಗಳಿಗೆ 100 ತಾನಾಗೇ ಹೋಗ್ತಿದ್ರೆ ಒಳ್ಳೇದೇ. ಜನವರಿ 31ಕ್ಕೆ ಒಟ್ಟಿಗೆ ಕಟ್ಟೋಕೆ ಒದ್ದಾಡೋರನ್ನ ಎಷ್ಟು ನೋಡಿಲ್ಲ.

ರಶ್ಮಿ: ದುಡಿಯದ ದುಡ್ಡಿಗೆ ಯಾಕೆ ಬಿಡಲಿ?

ಗಿರೀಶ: ಹೆಚ್ಚಾಗಿದ್ರೆ ವಾಪಸ್ ಕೊಡ್ತಾರೆ.

ರಶ್ಮಿ: ಯಾವಾಗ? ವರ್ಷ ಮುಗಿಯೋದು ಮುಂದಿನ ಏಪ್ರಿಲ್ 5ಕ್ಕೆ. ಅಲ್ಲೀತನಕ 1,200 ಅವರ ಹತ್ರ. ಅದರ ನಡುವೆ 2025-26ರ ಬಿಲ್ ಬೇರೆ ಇದೆ. ಫೆಬ್ರವರಿ ತನಕ ದುಡಿದಿದ್ದೀನಲ್ಲ, ಅದನ್ನ ಈ ಕೋಡ್ ಮುಟ್ಟಲ್ಲ, 2027ರ ಜನವರಿಗೆ ಕೈಯಿಂದ ಕಟ್ಟಬೇಕು. ಅಂದ್ರೆ ಒಂದೇ ಹೊತ್ತಿಗೆ ಹೋದ ವರ್ಷದ ನಿಜ ತೆರಿಗೆನೂ ಕಟ್ಟು, ಈ ವರ್ಷದ ಕಲ್ಪನೆ ತೆರಿಗೆನೂ ಕಟ್ಟು. ನೀನು ಉಳಿತಾಯ ಅಂತಿರೋದು ಇದನ್ನೇ.

(ಗಿರೀಶ ಸ್ವಲ್ಪ ಹೊತ್ತು ಟೈಪ್ ಮಾಡುತ್ತಿದ್ದ, ನಿಲ್ಲಿಸುತ್ತಿದ್ದ. ನನ್ನ ಪ್ರಕಾರ ಗುಂಪಿನಲ್ಲಿ ಆ ದಿನ ಬಂದ ಅಷ್ಟೂ ಸಂದೇಶಗಳಲ್ಲಿ ಓದಬೇಕಾದದ್ದು ಮೇಲಿನದೊಂದೇ.)

ಗಿರೀಶ: ಸರಿ, ಆ 6,000 ಕೋಡ್ ಲೆಕ್ಕದಿಂದ ತೆಗೆಸಿಬಿಟ್ಟೆ ಅಂತಿಟ್ಕೋ. ಆಮೇಲೆ ಪೇಮೆಂಟ್ಸ್ ಆನ್ ಅಕೌಂಟ್ ಅಂತ ಜನವರಿಯಲ್ಲಿ ಅರ್ಧ, ಜುಲೈನಲ್ಲಿ ಅರ್ಧ ಮುಂಗಡ ಕೇಳ್ತಾರೆ. ಅದು ಇನ್ನೂ ದೊಡ್ಡ ತಲೆನೋವು.

ರಶ್ಮಿ: ನನಗೆ ಬರಲ್ಲ. ಒಟ್ಟು ತೆರಿಗೆಯ 80 ಪರ್ಸೆಂಟ್‌ಗಿಂತ ಹೆಚ್ಚು ಸಂಬಳದಲ್ಲೇ ಹಿಡಿದಿದ್ರೆ ಮುಂಗಡ ಇಲ್ಲ. ಉದಾಹರಣೆಗೆ ಸಂಬಳ 40,000 ಅಂತಿಟ್ಕೋ.

ಬಸವರಾಜ: ಉದಾಹರಣೆಗಂತ 😄

ರಶ್ಮಿ: ಸುಮ್ನಿರು. 40,000ದಲ್ಲಿ 12,570 ಕಳೆದ್ರೆ 27,430. ಅದಕ್ಕೆ 20 ಪರ್ಸೆಂಟ್, 5,486. ಫ್ರೀಲಾನ್ಸ್ ಮೇಲೆ 1,200. ಒಟ್ಟು 6,686. ಅದರಲ್ಲಿ 5,486 ಅಂದ್ರೆ 82 ಪರ್ಸೆಂಟ್. ಪಾರು. ಲಾಭ 8,000 ಇದ್ದಿದ್ರೆ ಸಿಕ್ಕಿಬೀಳ್ತಿದ್ದೆ.

ಮಂಜುಳಾ: ಇವಳನ್ನ ಎಂ3 ಗಣಿತದಲ್ಲಿ ಯಾಕೆ ಫೇಲ್ ಮಾಡಿದ್ರೋ.

ಶ್ರೀಧರ: ಒಂದು ಪ್ರಶ್ನೆ. ಏಪ್ರಿಲ್ 5 ಅಂದ್ಯಲ್ಲ, ಅದೇನು ಲೆಕ್ಕ? ತಿಂಗಳ ಕೊನೆನೂ ಅಲ್ಲ, ಯುಗಾದಿನೂ ಅಲ್ಲ.

ಗಿರೀಶ: 1752ರಲ್ಲಿ ಕ್ಯಾಲೆಂಡರ್ ಬದಲಾಯಿಸಿ 11 ದಿನ ಹಾರಿಸಿದ್ರು, ಅದರ ಬಾಲ. ನೀನು ಮೊದಲು ಆ ಫಾರ್ವರ್ಡ್ ಡಿಲೀಟ್ ಮಾಡು.

ಶ್ರೀಧರ: ಒಳ್ಳೇದಕ್ಕೇ ಹಾಕಿದ್ದು. ಹಾಕದಿದ್ರೆ ಇಷ್ಟು ಚರ್ಚೆ ಆಗ್ತಿತ್ತಾ?

ಗಿರೀಶ: ಇಲ್ಲಿ 84 ಜನ ಇದ್ದಾರೆ. ಎಲ್ಲರೂ ಚರ್ಚೆ ಓದಲ್ಲ, ಲಿಂಕ್ ಮಾತ್ರ ಒತ್ತುತ್ತಾರೆ.

*ಈ ಸಂದೇಶವನ್ನು ಅಳಿಸಲಾಗಿದೆ*

ರಶ್ಮಿ: ಆ್ಯಪ್‌ನಲ್ಲಿ ನೋಡಿದೆ. ಪರ್ಸನಲ್ ಟ್ಯಾಕ್ಸ್ ಅಕೌಂಟ್‌ನಲ್ಲಿ ಕೋಡ್ ಹೇಗೆ ಬಂತು ಅಂತ ಸಾಲುಸಾಲಾಗಿ ತೋರಿಸುತ್ತೆ. ಬೇರೆ ಆದಾಯ 6,000 ಅಂತ ಇದೆ. ಈ ಸಾಲನ್ನ ನಾವೇ ತಿದ್ದೋ ಹಾಗೆ ನನಗೆ ಕಾಣ್ತಿಲ್ಲ, ವೆಬ್‌ಚಾಟ್‌ನಲ್ಲಿ ಕೇಳ್ಕೊಂಡೆ. ಸೊನ್ನೆ ಮಾಡ್ತೀವಿ ಅಂದ್ರು. ನನ್ನ ಕೋಡ್ ಕೊನೇಲಿ ಎಂ1 (ಪ್ರತಿ ತಿಂಗಳು ಬೇರೆಬೇರೆ ಲೆಕ್ಕ ಅನ್ನೋ ಗುರುತು) ಇಲ್ಲ, ಹಾಗಾಗಿ ಹೊಸ ಕೋಡ್ ಮೇ ಪೇರೋಲ್‌ಗೆ ಮುಂಚೆ ತಲುಪಿದ್ರೆ ಈ ತಿಂಗಳ 100 ಕೂಡ ಆ ಸಂಬಳದಲ್ಲೇ ವಾಪಸ್ ಬರುತ್ತೆ.

ಗಿರೀಶ: ಮತ್ತೆ ಹೊಸ ಕ್ಲೈಂಟ್ ಸಿಕ್ಕಿದ್ರೆ?

ರಶ್ಮಿ: ಸಿಕ್ಕಿದಾಗ ರಿಟರ್ನ್‌ನಲ್ಲಿ ಹೇಳ್ತೀನಿ. ಬಂದದ್ದರಲ್ಲಿ ಐದನೇ ಒಂದು ಭಾಗ ಬೇರೆ ಖಾತೆಗೆ ಹಾಕಿಡ್ತೀನಿ. ಬಡ್ಡಿ ಆದ್ರೂ ನಂಗೆ ಸಿಗುತ್ತೆ.

ಗಿರೀಶ: ನಾನಂತೂ ಕೋಡ್‌ನಲ್ಲೇ ಹಿಡೀಲಿ ಅಂತ ಬಿಟ್ಟಿದೀನಿ. ಹಾಕಿಡೋ ಶಿಸ್ತು ಎಲ್ಲರಿಗೂ ಇರಲ್ಲ.

ರಶ್ಮಿ: ನಿನ್ನ ಫೋಟೋಗ್ರಫಿ ಆದಾಯ ವರ್ಷಾ ಅಷ್ಟೇ ಇರುತ್ತೆ, ನಿಂಗೆ ಅದು ಸರಿ.

ಬಸವರಾಜ: ನಂದೂ ತೆಗೆದು ನೋಡಿದೆ. ಎಸ್1257ಎಲ್ ಎಂ1 ಅಂತ ಐತಿ. ಎಸ್ ಅಂದ್ರ ಸ್ಕಾಟ್ಲೆಂಡ್, ಗೊತ್ತು. ಎಂ1 ಯಾಕ?

ರಶ್ಮಿ: ಈ ತಿಂಗಳು ಕೆಲಸ ಬದಲಾಯಿಸಿದೆ ಅಲ್ವಾ? ಹಳೇ ಕಂಪನಿ ಕೊಡೋ ಸಂಬಳ-ತೆರಿಗೆ ಚೀಟಿ, ಪಿ45, ಹೊಸಬರಿಗೆ ಕೊಟ್ಟಿದೀಯಾ?

ಬಸವರಾಜ: ಹಳೇ ಕಂಪನಿಯವ್ರು ಇನ್ನೂ ಕಳಿಸಿಲ್ಲ.

ರಶ್ಮಿ: ಅದಕ್ಕೇ ಎಮರ್ಜೆನ್ಸಿ ಕೋಡ್ ಕೂತಿದೆ. ಪ್ರತಿ ತಿಂಗಳನ್ನೂ ಒಂಟಿಯಾಗಿ ಲೆಕ್ಕ ಹಾಕ್ತಾರೆ, ಹಿಂದಿನದು ಸೇರಿಸಲ್ಲ. ನಾಳೆ ಹಳೇ ಎಚ್‌ಆರ್‌ಗೆ ಮೇಲ್ ಹಾಕು. ಈಗ ಫೋನ್ ಇಡ್ತೀನಿ, ಕುಕ್ಕರ್ ಮೂರು ಕೂಗಾಯ್ತು.