“ಕಲ್ಲು ಕೊಡು” ಎಂದರೆ ಎಲ್ಲಿಗೆ ಕೊಡುವುದು?

ನಮ್ಮ ಕುಮಟಾ ಕಡೆಯ ಒಂದು ಮಾತಿನ ಬಗ್ಗೆ ಬಲ್ಲವರಲ್ಲಿ ಕೇಳಬೇಕಿದೆ. ನಿಂತ ಗಾಡಿ ಉರುಳದಂತೆ ಗಾಲಿಗೆ ಅಡ್ಡ ಇಡುವುದಕ್ಕೆ ನಾವು “ಕಲ್ಲು ಕೊಡು” ಎನ್ನುತ್ತೇವೆ. ಜಾಕ್ ಹಾಕಿ ಎತ್ತಿದ ಗಾಡಿ ಕೆಳಗೆ ಕೂರದಂತೆ ಅಚ್ಚಿನ ಅಡಿಗೆ ಆಧಾರ ಇಡುವುದಕ್ಕೂ “ಕಲ್ಲು ಕೊಡು” ಎಂದೇ ಹೇಳುತ್ತೇವೆ. ಈ ಎರಡಕ್ಕೂ ಬೇರೆ ಬೇರೆ ಮಾತು ನಿಮ್ಮ ಊರಲ್ಲಿ ಇದೆಯೇ?

ಕೇಳಲು ಕಾರಣವಿದೆ. ಹೋದ ವರ್ಷ ಮಳೆ ಹಿಡಿಯುವ ಮೊದಲು, ಕೆಸರುಗದ್ದೆಗೆ ಇಳಿಸಲೆಂದು ಟ್ರ್ಯಾಕ್ಟರಿನ ಹಿಂದಿನ ಗಾಲಿ ತೆಗೆದು ಕೇಜ್ ವೀಲ್ ಹಾಕುತ್ತಿದ್ದೆವು. ಶಿರಸಿಯಿಂದ ಅಕ್ಕನ ಮಗ ಬಂದಿದ್ದ. ಪಾನಾದ ಹಿಡಿಗೆ ಉದ್ದದ ಪೈಪು ತೂರಿಸುತ್ತ ನಾನು “ತಮ್ಮಾ, ಒಂದು ಕಲ್ಲು ಕೊಡು ಮಾರಾಯಾ” ಎಂದೆ. ನನ್ನ ಮನಸ್ಸಿನಲ್ಲಿದ್ದದ್ದು ಆಚೆ ಬದಿಯ ಗಾಲಿ. ಅವನು ಅಂಗಳದ ಮೂಲೆಯಲ್ಲಿದ್ದ ಚಿರೆಕಲ್ಲು ತಂದು ಅಚ್ಚಿನ ಅಡಿಗೆ ಇಟ್ಟ, ಜಾಕ್ ತುಸು ಇಳಿಸಿ ಭಾರವನ್ನೆಲ್ಲ ಕಲ್ಲಿನ ಮೇಲೆ ಬಿಟ್ಟ. ಗೋಡೆಯಲ್ಲಾದರೆ ಭಾರ ಚಿರೆಕಲ್ಲಿನ ಮೈಗೆಲ್ಲ ಹರಡುತ್ತದೆ. ಇಲ್ಲಿ ಅಚ್ಚಿನ ಕೊಳವೆ ಒಂದೇ ಗೆರೆಯ ಮೇಲೆ ಒತ್ತುತ್ತಿತ್ತು. ಮೊದಲು ಕಲ್ಲಿನ ತೂತುಗಳಿಂದ ಕೆಂಪು ಹುಡಿ ಉದುರಿತು. ಆಮೇಲೆ ಸೀಳಿದ ಸದ್ದು. ಟ್ರ್ಯಾಕ್ಟರ್ ಮೂರು ಬೆರಳಿನಷ್ಟು ಕುಸಿದು ಜಾಕಿನ ತಲೆಯ ಮೇಲೆ ನಿಂತಿತು. ಹುಡುಗ ಆಗಷ್ಟೇ ಕೈ ಹೊರಗೆ ಎಳೆದುಕೊಂಡಿದ್ದ. ತಪ್ಪು ನನ್ನ ಮಾತಿನಲ್ಲಿತ್ತು.

ಅಂದಿನಿಂದ ಈ “ಕೊಡು” ತಲೆಯಲ್ಲಿ ಕೂತಿದೆ. ಗೊನೆ ಬಿಟ್ಟ ಬಾಳೆಗೆ ಕೋಲು ಕೊಡುತ್ತೇವೆ. ದಿಮ್ಮಿ ಎತ್ತುವಾಗ ಹೆಗಲು ಕೊಡುತ್ತೇವೆ. ಬಂಡೆಗೆ ಹಾರೆ ಕೊಟ್ಟು ಮೀಟುತ್ತೇವೆ. ಎಲ್ಲ ಕಡೆಯೂ ಒಂದು ಭಾರಕ್ಕೆ ಎದುರಾಗಿ ಇನ್ನೊಂದನ್ನು ತಾಗಿಸಿ ನಿಲ್ಲಿಸುವ ಅರ್ಥ. “ಇಡು” ಎಂದಾಗ ವಸ್ತು ಸುಮ್ಮನೆ ಬಿದ್ದಿರುತ್ತದೆ, “ಕೊಡು” ಎಂದಾಗ ಅದು ಕೆಲಸಕ್ಕೆ ನಿಲ್ಲುತ್ತದೆ. ಇಷ್ಟು ಚೆಂದದ ಬಳಕೆ ಬಿಡಲು ನನಗೆ ಮನಸ್ಸಿಲ್ಲ. ಆದರೆ ಭಾರ ಯಾವ ಕಡೆಯಿಂದ ಬರುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಗಾಲಿಗೆ ಕೊಟ್ಟದ್ದು ಉರುಳನ್ನು ತಡೆದರೆ ಸಾಕು, ಅಚ್ಚಿಗೆ ಕೊಟ್ಟದ್ದು ತೂಕ ಹೊರಬೇಕು.

ತೂಕವೂ ಸಣ್ಣದಲ್ಲ. ನಮ್ಮ ಹಿಂದಿನ ಟಯರಿನ ಬದಿಯಲ್ಲಿ 13.6-28 ಎಂದಿದೆ, ಅಂದರೆ ಅಗಲ 13.6 ಇಂಚು, ರಿಮ್ಮಿನ ವ್ಯಾಸ 28 ಇಂಚು. ಹಿಡಿತಕ್ಕಾಗಿ ಒಳಗೆ ಮುಕ್ಕಾಲು ಪಾಲು ನೀರು ತುಂಬಿಸಿದ್ದರೆ ನೀರೊಂದೇ 100 ಕಿಲೋ ದಾಟುತ್ತದೆ. ಇಂಥ ಗಾಲಿ ವಾಲಿದರೆ ಹಿಡಿಯಲು ಹೋಗಬಾರದು, ಬಿಟ್ಟು ಸರಿಯಬೇಕು.

ಶೆಡ್ಡಿನ ಗೋಡೆಗೆ ಅಂಟಿಸಲು ಒಂದು ಹಾಳೆ ಬರೆಯುತ್ತಿದ್ದೇನೆ. ಗಾಲಿಗೆ ಕೊಡುವುದಕ್ಕೆ “ತಡೆಗಲ್ಲು” ಎಂದು ಬರೆದೆ. ಟ್ರ್ಯಾಕ್ಟರಿನ ಮುಂದಿನ ಅಚ್ಚು ನಡುವಿನ ಪಿನ್ನಿನ ಮೇಲೆ ತೂಗುತ್ತಿರುತ್ತದೆ. ಹಿಂಬದಿ ಎತ್ತಿದಾಗ ಗಾಡಿ ಪಕ್ಕಕ್ಕೆ ವಾಲದಂತೆ ಅದರ ಎರಡೂ ಪಕ್ಕದ ಸಂದಿಗೆ ಮರದ ತುಂಡು ಹೊಡೆದು ಬಿಗಿ ಮಾಡಬೇಕು. ಅದಕ್ಕೆ “ಬೆಣೆ” ಸರಿಯಾಗಿ ಒಪ್ಪುತ್ತದೆ. ತೊಡಕಿರುವುದು ಅಚ್ಚಿನ ಅಡಿಯದಕ್ಕೆ. ಗಟ್ಟಿ ಮರದ ತುಂಡುಗಳನ್ನು ಒಂದು ಸಾಲು ಅಡ್ಡ, ಒಂದು ಸಾಲು ಉದ್ದ ಪೇರಿಸಿ ನಾವೀಗ ಅಲ್ಲಿ ಕೊಡುತ್ತೇವೆ. “ಆನಿಕೆ” ಎಂಬ ಪದ ಹೊಳೆದಿದೆ, ಆನು ಎಂದರೆ ಒರಗು, ತಾಳು. ಅರ್ಥ ಚೆನ್ನಾಗಿ ಕೂರುತ್ತದೆ, ಆದರೆ ಕೆಲಸಕ್ಕೆ ಬರುವ ಹುಡುಗರಿಗೆ ಪುಸ್ತಕದ ಮಾತಿನಂತೆ ಕೇಳೀತೇ ಎಂಬ ಅಳುಕು.

ಇನ್ನೊಂದು ತೊಡಕು “ಬಿಚ್ಚು”. ನಟ್ ಬಿಚ್ಚು, ಗಾಲಿ ಬಿಚ್ಚು, ಟಯರ್ ಬಿಚ್ಚು, ಎಲ್ಲಕ್ಕೂ ಅದೇ. ಗಾಲಿ ನೆಲದ ಮೇಲೆ ಇರುವಾಗಲೇ ನಟ್ಟನ್ನು ಅರ್ಧ ಸುತ್ತು ತಿರುಗಿಸಿಟ್ಟುಕೊಳ್ಳಬೇಕು. ಎತ್ತಿದ ಮೇಲೆ ಪೈಪು ಹಾಕಿ ಜಗ್ಗಿದರೆ ಗಾಡಿಯೇ ಜಾಕಿನಿಂದ ಜಾರುತ್ತದೆ. ಹಾಗಾಗಿ ನೆಲದ ಮೇಲೆ “ಸಡಿಲಿಸು”, ಎತ್ತಿ ಆಧಾರ ಕೊಟ್ಟ ಮೇಲೆ “ಬಿಚ್ಚು”, ಗಾಲಿಯನ್ನು ಹಬ್ಬಿನಿಂದ ಹೊರಗೆ ತರುವುದಕ್ಕೆ “ಕಳಚು” ಎಂದು ವಿಂಗಡಿಸಿದ್ದೇನೆ. ಕಳಚು ಎತ್ತಿನಗಾಡಿಯ ಕಾಲದ್ದು. ಕಡಾಣಿ ಕಿತ್ತರೆ ಗಾಲಿ ಕಳಚಿಕೊಳ್ಳುತ್ತದೆ ಎಂದು ಅಜ್ಜ ಹೇಳುತ್ತಿದ್ದರು. ಜೇಡರ ದಾಸಿಮಯ್ಯನ ವಚನದಲ್ಲಿ ಇದೇ ವಸ್ತು ಕಡೆಗೀಲಾಗಿ ಬರುತ್ತದೆ. ಒಂದು ಕಡೆ ಆಣಿ, ಇನ್ನೊಂದು ಕಡೆ ಕೀಲು; ಅಚ್ಚಿನ ಕಡೆಗೆ, ಎಂದರೆ ತುದಿಗೆ, ಹೊಡೆದದ್ದು ಎಂಬುದು ಎರಡಕ್ಕೂ ಸಾಮಾನ್ಯ.

ತಿರುಗಿ ಹಾಕುವ ಭಾಗ ಸಲೀಸಾಗಿ ಬಂತು. ಹಾರೆಯಿಂದ ಮೀಟಿ ತೂತು ಹೊಂದಿಸಿ ಗಾಲಿ “ಕೂರಿಸು”, ನಟ್ಟನ್ನು ಮೊದಲು ಕೈಯಲ್ಲೇ “ಹತ್ತಿಸು”, ಆಮೇಲೆ ಎದುರುಬದುರಾಗಿ “ಬಿಗಿ”, ಕೊನೆಯ ಬಿಗಿ ಗಾಲಿ ನೆಲ ಮುಟ್ಟಿದ ಮೇಲೆ. ನಾಲ್ಕಾರು ತಾಸು ಕೆಲಸವಾದ ನಂತರ ಇನ್ನೊಮ್ಮೆ ಬಿಗಿ ನೋಡಬೇಕು.

ಗೋಕರ್ಣದಲ್ಲಿ ಶಿವರಾತ್ರಿಯ ಮಹಾರಥ ಎಳೆಯುವಾಗ ಚಕ್ರದ ಹತ್ತಿರವೇ ಇದ್ದು ತಡೆ ಕೊಡುವವರು ಅದನ್ನು ಏನೆನ್ನುತ್ತಾರೆ? ಕಾರವಾರ, ಬೇಲೆಕೇರಿ, ತದಡಿಯಲ್ಲಿ ಮಳೆಗಾಲಕ್ಕೆ ದೋಣಿಯನ್ನು ದಂಡೆಗೆ ಎಳೆದು ಅಡಿಗೆ ಮರ ಕೊಟ್ಟು ನಿಲ್ಲಿಸುವವರ ಬಾಯಲ್ಲಿ ಆ ಮರಕ್ಕೆ ಏನು ಹೆಸರು? ಕೊಂಕಣಿಯದಾದರೂ ಪರವಾಗಿಲ್ಲ, ಕೂಗಿದ ಕೂಡಲೇ ತಿಳಿಯುವಂತಿದ್ದರೆ ಹಾಳೆಯಲ್ಲಿ ಅದನ್ನೇ ಬರೆಯುತ್ತೇನೆ.