ಕಂತು ಅರ್ಧದಷ್ಟಾಗುತ್ತದೆ ಎನ್ನುತ್ತಾರೆ: ಗೃಹಸಾಲವನ್ನು ಬೇರೆ ಬ್ಯಾಂಕಿಗೆ ವರ್ಗಾಯಿಸಬೇಕೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. 2017ರ ಡಿಸೆಂಬರ್‌ನಲ್ಲಿ ನಾನು ಮತ್ತು ನನ್ನ ಪತಿ ಒಂದು ಗೃಹಸಾಲ ಸಂಸ್ಥೆಯಿಂದ 32 ಲಕ್ಷ ರೂಪಾಯಿ ಸಾಲವನ್ನು 20 ವರ್ಷಗಳ ಅವಧಿಗೆ, ಬದಲಾಗುವ ಬಡ್ಡಿದರದಲ್ಲಿ ಪಡೆದೆವು. ಆಗ ದರ ಶೇ. 8.5, ತಿಂಗಳ ಕಂತು 27,770 ರೂಪಾಯಿ. ಈ ಎಂಟು ವರ್ಷಗಳಲ್ಲಿ ಒಂದು ಕಂತನ್ನೂ ತಪ್ಪಿಸಿಲ್ಲ, ಕಂತಿನ ಮೊತ್ತವೂ ಬದಲಾಗಿಲ್ಲ; ಆದ್ದರಿಂದ ಇನ್ನು ಹನ್ನೆರಡು ವರ್ಷ ಕಟ್ಟಿದರೆ ಮುಗಿಯಿತೆಂದೇ ನಂಬಿದ್ದೆವು. ಕಳೆದ ವಾರ ಸ್ಟೇಟ್‌ಮೆಂಟ್ ತೆಗೆಸಿದಾಗ ಎರಡನೆಯ ಪುಟದ ಕೊನೆಯ ಸಾಲಿನಲ್ಲಿ ಉಳಿದ ಕಂತುಗಳು 170 ಎಂದು ಬರೆದಿತ್ತು. 144 ಇರಬೇಕಾಗಿತ್ತಲ್ಲ ಎಂದು ಆ ಸಾಲನ್ನು ನಾನು ಮೂರು ಸಲ ಓದಿದೆ. ಬಾಕಿ ಅಸಲು 26 ಲಕ್ಷ, ಈಗಿನ ದರ ಶೇ. 9.4.

ಇದರ ಜೊತೆಗೆ ಮಾವನವರ ಶಸ್ತ್ರಚಿಕಿತ್ಸೆಗೆಂದು ಪಡೆದ ವೈಯಕ್ತಿಕ ಸಾಲದಲ್ಲಿ 4 ಲಕ್ಷ ಬಾಕಿ ಇದೆ (ಶೇ. 14, ಇನ್ನೂ 36 ಕಂತು, ತಿಂಗಳಿಗೆ 13,671). ಕ್ರೆಡಿಟ್ ಕಾರ್ಡಿನಲ್ಲಿ 1.2 ಲಕ್ಷ ನಿಂತುಹೋಗಿದೆ, ತಿಂಗಳಿಗೆ ಶೇ. 3.5ರ ಬಡ್ಡಿ, ನಾವು ಕನಿಷ್ಠ ಮೊತ್ತವಾದ 6,000 ಮಾತ್ರ ಕಟ್ಟುತ್ತಿದ್ದೇವೆ. ಇಬ್ಬರ ಸಂಬಳ ಸೇರಿ ಕೈಗೆ ಬರುವುದು 92,000. ಅದರಲ್ಲಿ 47,000ಕ್ಕೂ ಹೆಚ್ಚು ಸಾಲಕ್ಕೇ ಹೋಗುತ್ತದೆ. ಕಷ್ಟಕಾಲಕ್ಕೆಂದು ಒಂದೂವರೆ ಲಕ್ಷದ ಠೇವಣಿ ಇಟ್ಟಿದ್ದೇವೆ, ಬಡ್ಡಿ ಶೇ. 6.5.

ಈಗ ಒಂದು ಬ್ಯಾಂಕಿನವರು ಗೃಹಸಾಲವನ್ನು ಶೇ. 7.9ರ ದರದಲ್ಲಿ ತಮ್ಮಲ್ಲಿಗೆ ವರ್ಗಾಯಿಸಿಕೊಂಡು, ಅದರ ಮೇಲೆ ಶೇ. 8.4ರಲ್ಲಿ 5.2 ಲಕ್ಷ ಟಾಪ್-ಅಪ್ (ಅದೇ ಮನೆಯ ಅಡಮಾನದ ಮೇಲೆ ಹೆಚ್ಚುವರಿ ಸಾಲ) ಕೊಟ್ಟು, ಉಳಿದೆರಡು ಸಾಲಗಳನ್ನೂ ತೀರಿಸಿಕೊಳ್ಳಿ ಎನ್ನುತ್ತಿದ್ದಾರೆ. ಎಲ್ಲವೂ ಹೊಸದಾಗಿ 20 ವರ್ಷಕ್ಕೆ. ಕಂತು ಒಟ್ಟು 26,066. ತಿಂಗಳಿಗೆ 21,000 ಉಳಿಯುವುದೆಂದರೆ ನಮಗೆ ಉಸಿರಾಡಲು ಜಾಗ ಸಿಕ್ಕಂತೆ. ಪತಿ ಅರ್ಜಿಗೆ ಸಹಿ ಹಾಕೋಣ ಎನ್ನುತ್ತಿದ್ದಾರೆ, ನನಗೆ ಏಕೋ ಧೈರ್ಯ ಬರುತ್ತಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಮೊದಲ ಉತ್ತರ

ನಿಮ್ಮ ಅಳುಕು ಸರಿಯಾಗಿಯೇ ಇದೆ. ಟಾಪ್-ಅಪ್ಪನ್ನು ಸದ್ಯಕ್ಕೆ ಬದಿಗಿಟ್ಟು, 26 ಲಕ್ಷದ ಗೃಹಸಾಲವೊಂದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ.

ಈಗಿರುವಂತೆಯೇ ಶೇ. 9.4ರಲ್ಲಿ 27,770 ಕಟ್ಟುತ್ತ ಹೋದರೆ ಸಾಲ ತೀರುವ ಹೊತ್ತಿಗೆ ನಿಮ್ಮ ಕೈಯಿಂದ ಹೋಗುವುದು ಸುಮಾರು 47 ಲಕ್ಷ. ಶೇ. 7.9ಕ್ಕೆ ವರ್ಗಾಯಿಸಿ 20 ವರ್ಷದ ಅವಧಿ ಒಪ್ಪಿಕೊಂಡರೆ ಕಂತು 21,586ಕ್ಕೆ ಇಳಿಯುತ್ತದೆ, ಆದರೆ 240 ಕಂತುಗಳಲ್ಲಿ ನೀವು ಕಟ್ಟುವುದು ಸುಮಾರು 51.8 ಲಕ್ಷ. ಬಡ್ಡಿದರ ಒಂದೂವರೆ ಅಂಶ ಇಳಿದರೂ ನೀವು ಹೆಚ್ಚುಕಡಿಮೆ 4.8 ಲಕ್ಷ ಹೆಚ್ಚೇ ಕೊಟ್ಟಂತಾಯಿತು. ಅದೇ ಶೇ. 7.9ಕ್ಕೆ ವರ್ಗಾಯಿಸಿ, ಕಂತನ್ನು ಮಾತ್ರ ಈಗಿನ 27,770ರಲ್ಲೇ ಉಳಿಸಿಕೊಂಡರೆ ಸಾಲ 146 ತಿಂಗಳಲ್ಲಿ ತೀರುತ್ತದೆ, ಒಟ್ಟು ಸುಮಾರು 40.5 ಲಕ್ಷ. ಒಂದೇ ಬ್ಯಾಂಕು, ಒಂದೇ ದರ. ಅರ್ಜಿಯಲ್ಲಿ ಅವಧಿಯ ಮುಂದೆ ಯಾವ ಸಂಖ್ಯೆ ಬರೆಯುತ್ತೀರಿ ಎಂಬುದರ ಮೇಲೆ 11 ಲಕ್ಷದ ವ್ಯತ್ಯಾಸ ನಿಂತಿದೆ.

170 ಕಂತು ಹೇಗಾಯಿತು ಎಂಬುದಕ್ಕೂ ಉತ್ತರ ಇಲ್ಲಿಯೇ ಇದೆ. 2022ರ ಮೇ ತಿಂಗಳಿನಿಂದ 2023ರ ಫೆಬ್ರುವರಿವರೆಗೆ ರಿಸರ್ವ್ ಬ್ಯಾಂಕು ರೆಪೊ ದರವನ್ನು (ತಾನು ಬ್ಯಾಂಕುಗಳಿಗೆ ಕೊಡುವ ಅಲ್ಪಾವಧಿ ಸಾಲದ ಬಡ್ಡಿದರ) ಶೇ. 4ರಿಂದ 6.5ಕ್ಕೆ ಏರಿಸಿತು. ನಿಮ್ಮ ಸಂಸ್ಥೆ ಆಗ ಬಡ್ಡಿ ಏರಿಸಿ, ಕಂತನ್ನು ಮುಟ್ಟದೆ ಅವಧಿಯನ್ನು ಹಿಗ್ಗಿಸಿರಬೇಕು. ಕಂತು ಬದಲಾಗದ ಕಾರಣ ಮನೆಯವರಿಗೆ ಅದು ಗೊತ್ತೇ ಆಗುವುದಿಲ್ಲ. ಹೀಗೆ ಆಗಬಾರದೆಂದೇ 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕು ಒಂದು ಸುತ್ತೋಲೆ ಹೊರಡಿಸಿ, ದರ ಪರಿಷ್ಕರಿಸುವಾಗ ಕಂತು ಹೆಚ್ಚಿಸಬೇಕೋ, ಅವಧಿ ವಿಸ್ತರಿಸಬೇಕೋ, ಎರಡನ್ನೂ ಸ್ವಲ್ಪಸ್ವಲ್ಪ ಮಾಡಬೇಕೋ ಎಂಬ ಆಯ್ಕೆಯನ್ನು ಸಾಲಗಾರರಿಗೇ ಕೊಡಬೇಕೆಂದು ಸೂಚಿಸಿದೆ. ಅದು ಗೃಹಸಾಲ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ನಿಮಗೆ ಅಂಥ ಪತ್ರ ಬಂದಿತ್ತೇ ಎಂದು ಹಳೆಯ ಇಮೇಲ್‌ಗಳನ್ನೊಮ್ಮೆ ಹುಡುಕಿ ನೋಡಿ.

ಎರಡನೆಯ ಉತ್ತರ

ಮೇಲಿನವರ ಲೆಕ್ಕ ಸರಿಯಾಗಿದೆ. ಆದರೆ ವರ್ಗಾವಣೆಗೆ ಮುಂಚೆ ಈಗಿನ ಸಂಸ್ಥೆಯ ಬಾಗಿಲನ್ನು ಒಮ್ಮೆ ತಟ್ಟಬೇಕು ಎಂಬುದು ನನ್ನ ಅಭಿಪ್ರಾಯ. ರೆಪೊ ದರ 2025ರ ಫೆಬ್ರುವರಿಯಿಂದ ಇಳಿಯತೊಡಗಿ ಡಿಸೆಂಬರ್‌ನಲ್ಲಿ ಶೇ. 5.25ಕ್ಕೆ ಬಂದಿತು. ಬ್ಯಾಂಕುಗಳು 2019ರ ಅಕ್ಟೋಬರ್ 1ರಿಂದ ಬದಲಾಗುವ ದರದ ಹೊಸ ಗೃಹಸಾಲಗಳನ್ನು ರೆಪೊದಂತಹ ಹೊರಗಿನ ಮಾನದಂಡಕ್ಕೆ ಜೋಡಿಸಲೇಬೇಕು ಮತ್ತು ಮೂರು ತಿಂಗಳಿಗೊಮ್ಮೆಯಾದರೂ ದರವನ್ನು ಪರಿಷ್ಕರಿಸಬೇಕು. ಗೃಹಸಾಲ ಸಂಸ್ಥೆಗಳಿಗೆ ಆ ಕಟ್ಟುಪಾಡಿಲ್ಲ. ಅವು ತಮ್ಮದೇ ಮೂಲ ದರವನ್ನು ಇಟ್ಟುಕೊಳ್ಳುತ್ತವೆ. ಹಾಗಾಗಿ ಹಳೆಯ ಗ್ರಾಹಕರ ದರ ಮೇಲೆಯೇ ಉಳಿದು, ಹೊಸದಾಗಿ ಬರುವವರಿಗೆ ಕಡಿಮೆ ದರ ಸಿಗುವುದನ್ನು ನಾವು ಕಾಣುತ್ತೇವೆ. ದರ ಇಳಿಸಿಕೊಡಿ ಎಂದು ಲಿಖಿತವಾಗಿ ಕೇಳಿದರೆ ಸಾಮಾನ್ಯವಾಗಿ ಒಂದು ಪರಿವರ್ತನಾ ಶುಲ್ಕ ತೆಗೆದುಕೊಂಡು ಇಳಿಸುತ್ತಾರೆ. ಬಾಯಿಮಾತಿನಲ್ಲಿ ಕೇಳಿದರೆ ಕೆಲಸ ಆಗುವುದಿಲ್ಲ, ಹೊಸ ಬ್ಯಾಂಕಿನ ಮಂಜೂರಾತಿ ಪತ್ರ ಕೈಯಲ್ಲಿದ್ದರೆ ಬೇಗ ಆಗುತ್ತದೆ.

ವರ್ಗಾವಣೆಯ ಖರ್ಚನ್ನು ಹೊಸ ಬ್ಯಾಂಕಿನಿಂದ ಬಿಡಿಬಿಡಿಯಾಗಿ ಬರೆಸಿಕೊಳ್ಳಿ: ಪ್ರೊಸೆಸಿಂಗ್ ಶುಲ್ಕ, ಅದರ ಮೇಲಿನ ಶೇ. 18 ಜಿಎಸ್‌ಟಿ, ವಕೀಲರ ಪರಿಶೀಲನೆ, ಮನೆಯ ಮೌಲ್ಯಮಾಪನ, ಹಕ್ಕುಪತ್ರಗಳನ್ನು ಅಡವಿಟ್ಟ ಬಗ್ಗೆ ಮಾಡುವ ಪತ್ರದ ಮುದ್ರಾಂಕ ಮತ್ತು ನೋಂದಣಿ ಶುಲ್ಕ. ಈ ಕೊನೆಯದನ್ನು ಜನ ಮರೆಯುತ್ತಾರೆ, ಆಮೇಲೆ ಅದೇ ದೊಡ್ಡದಾಗಿ ಕಾಣುತ್ತದೆ. ಶೇ. 9.4ರಿಂದ 7.9ಕ್ಕೆ ಇಳಿದರೆ ಮೊದಲ ತಿಂಗಳಲ್ಲೇ ಬಡ್ಡಿಯಲ್ಲಿ 3,250 ಉಳಿಯುವುದರಿಂದ, ಒಟ್ಟು ಖರ್ಚನ್ನು ಆ ಸಂಖ್ಯೆಯಿಂದ ಭಾಗಿಸಿ ನೋಡಿ. ಎಷ್ಟು ತಿಂಗಳಲ್ಲಿ ಹಾಕಿದ ಹಣ ವಾಪಸು ಬರುತ್ತದೆಂದು ಸ್ಥೂಲವಾಗಿ ತಿಳಿಯುತ್ತದೆ. ಹಳೆಯ ಸಂಸ್ಥೆ ಮಾತ್ರ ನಿಮ್ಮಿಂದ ದಂಡ ಕೇಳುವಂತಿಲ್ಲ. ವ್ಯಕ್ತಿಗಳು ವ್ಯಾಪಾರೇತರ ಉದ್ದೇಶಕ್ಕೆ ಬದಲಾಗುವ ದರದಲ್ಲಿ ಪಡೆದ ಗೃಹಸಾಲವನ್ನು ಅವಧಿಗೆ ಮುನ್ನ ತೀರಿಸಿದರೆ ಶುಲ್ಕ ವಿಧಿಸಬಾರದೆಂಬ ನಿಯಮವಿದೆ.

ಮೂರನೆಯ ಉತ್ತರ

ನಾನು ಟಾಪ್-ಅಪ್ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ಅದರಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಕೆಲವು ವರ್ಷಗಳ ಹಿಂದೆ ಎರಡು ಕಾರ್ಡುಗಳ ಬಾಕಿಯನ್ನು ಗೃಹಸಾಲದ ಟಾಪ್-ಅಪ್‌ನಿಂದ ತೀರಿಸಿ, ಇನ್ನು ನೆಮ್ಮದಿ ಎಂದುಕೊಂಡೆ. ಕಾರ್ಡುಗಳನ್ನು ರದ್ದು ಮಾಡಲಿಲ್ಲ, ಖರ್ಚಿನ ರೀತಿಯನ್ನೂ ಬದಲಿಸಲಿಲ್ಲ. ಒಂದೂವರೆ ವರ್ಷದಲ್ಲಿ ಎರಡೂ ಕಾರ್ಡುಗಳಲ್ಲಿ ಮತ್ತೆ ಬಾಕಿ ತುಂಬಿತ್ತು, ಟಾಪ್-ಅಪ್ ಹಾಗೆಯೇ ಉಳಿದಿತ್ತು. ನನ್ನ ಹೆಂಡತಿ ಕಾರ್ಡಿನ ಬಿಲ್ಲನ್ನೂ ಗೃಹಸಾಲದ ಸ್ಟೇಟ್‌ಮೆಂಟನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಏನೂ ಮಾತನಾಡದೆ ಎರಡರ ಕೆಳಗೂ ಪೆನ್ಸಿಲ್ಲಿನಿಂದ ಗೆರೆ ಎಳೆದಳು. ಆ ಎರಡು ಹಾಳೆಗಳು ನನ್ನ ಬಳಿ ಇನ್ನೂ ಇವೆ.

ನಿಮ್ಮ ಕಾರ್ಡಿನ ಲೆಕ್ಕವನ್ನೇ ನೋಡಿ. 1.2 ಲಕ್ಷಕ್ಕೆ ತಿಂಗಳ ಬಡ್ಡಿ 4,200, ಅದರ ಮೇಲೆ ಜಿಎಸ್‌ಟಿ 756. ನೀವು ಕಟ್ಟುವ 6,000ದಲ್ಲಿ ಅಸಲಿಗೆ ಸಲ್ಲುವುದು ಸಾವಿರ ರೂಪಾಯಿ ಚಿಲ್ಲರೆ. ಇದು ಇಂದೇ ತೀರಬೇಕಾದ ಸಾಲ, ಆದರೆ ಇದಕ್ಕಾಗಿ ಮನೆಯನ್ನು ಅಡವಿಡಬೇಕಿಲ್ಲ. ನಿಮ್ಮ ಒಂದೂವರೆ ಲಕ್ಷದ ಠೇವಣಿ ತಿಂಗಳಿಗೆ ತರುವುದು 800ರ ಆಸುಪಾಸು. ಅದರ ಬಹುಪಾಲು ಮೊತ್ತದಷ್ಟು ಕಾರ್ಡಿನ ಬಾಕಿ ತಿಂಗಳಿಗೆ 4,956 ತಿನ್ನುತ್ತಿದೆ. ಠೇವಣಿಯನ್ನು ಮುರಿದು ಕಾರ್ಡನ್ನು ಪೂರ್ತಿ ತೀರಿಸಿ, ಉಳಿದ 30,000ವನ್ನು ಹಾಗೆಯೇ ಇಟ್ಟು, ಈಗ ಕಾರ್ಡಿಗೆ ಕಟ್ಟುತ್ತಿರುವ 6,000ವನ್ನು ಪ್ರತಿ ತಿಂಗಳೂ ಆ ಠೇವಣಿಗೆ ಸೇರಿಸುತ್ತ ಬಂದರೆ 20 ತಿಂಗಳಲ್ಲಿ ಮತ್ತೆ ಒಂದೂವರೆ ಲಕ್ಷವಾಗುತ್ತದೆ. ಕಷ್ಟಕಾಲದ ಹಣ ಮುಟ್ಟಬಾರದು ಎಂಬ ಭಾವನೆ ನನಗೂ ಇತ್ತು. ಆದರೆ ಪಕ್ಕದಲ್ಲಿ ಬೆಂಕಿ ಹತ್ತಿರುವಾಗ ನೀರನ್ನು ಕಾಪಿಟ್ಟುಕೊಂಡು ಕೂರುವುದರಲ್ಲಿ ಅರ್ಥವಿಲ್ಲ.

ವೈಯಕ್ತಿಕ ಸಾಲದ ವಿಷಯ ಬೇರೆ. ಈಗಿನಂತೆಯೇ ಕಟ್ಟಿದರೆ ಇನ್ನುಳಿದ ಮೂರು ವರ್ಷದಲ್ಲಿ ಅದಕ್ಕೆ ತಗಲುವ ಬಡ್ಡಿ ಸುಮಾರು 92,000. ಆ 4 ಲಕ್ಷವನ್ನು ಶೇ. 8.4ರ ಟಾಪ್-ಅಪ್‌ಗೆ ಹಾಕಿ 20 ವರ್ಷ ಎಳೆದರೆ ಬಡ್ಡಿಯೇ 4.27 ಲಕ್ಷ, ಅಂದರೆ ಅಸಲಿಗಿಂತ ಹೆಚ್ಚು. ಟಾಪ್-ಅಪ್ಪನ್ನು ಮೂರೇ ವರ್ಷದಲ್ಲಿ ತೀರಿಸುವ ಶಿಸ್ತು ಇದ್ದರೆ ಬಡ್ಡಿ 54,000ಕ್ಕೆ ಇಳಿಯುತ್ತದೆ, ನಿಜ. ಆದರೆ ವೈಯಕ್ತಿಕ ಸಾಲವನ್ನು ಮುಂಚಿತವಾಗಿ ಮುಚ್ಚುವುದಕ್ಕೆ ಕರಾರಿನಲ್ಲಿ ಶೇ. 4 ಶುಲ್ಕ ಎಂದಿದ್ದರೆ ಜಿಎಸ್‌ಟಿ ಸೇರಿ 18,880 ಅಲ್ಲಿಯೇ ಹೋಗುತ್ತದೆ. ಉಳಿಯುವುದು ಸುಮಾರು 19,000. ಅಷ್ಟಕ್ಕಾಗಿ ಅಡಮಾನವಿಲ್ಲದ ಸಾಲವನ್ನು ಮನೆಯ ಮೇಲೆ ಹೇರುವುದು ನನಗೆ ಸರಿ ಕಾಣುವುದಿಲ್ಲ. ವೈಯಕ್ತಿಕ ಸಾಲದ ಕಂತು ತಪ್ಪಿದರೆ ಕ್ರೆಡಿಟ್ ಸ್ಕೋರ್ ಕೆಡುತ್ತದೆ, ವಸೂಲಿಯ ಕರೆಗಳು ಬರುತ್ತವೆ, ಕೋರ್ಟಿನ ನೋಟಿಸೂ ಬರಬಹುದು. ಗೃಹಸಾಲ 90 ದಿನ ಬಾಕಿ ಬಿದ್ದು ಅನುತ್ಪಾದಕ ಎಂದು ವರ್ಗೀಕರಣವಾದರೆ, 2002ರ ಸರ್ಫೇಸಿ ಕಾಯ್ದೆಯಡಿ 60 ದಿನಗಳ ನೋಟಿಸ್ ಕೊಟ್ಟು, ಬಾಕಿ ಕಟ್ಟದಿದ್ದರೆ ಮನೆಯನ್ನೇ ವಶಪಡಿಸಿಕೊಳ್ಳುವ ಅಧಿಕಾರ ಸಾಲ ಕೊಟ್ಟವರಿಗಿದೆ.

ತೆರಿಗೆಯ ಬಗ್ಗೆ ಒಂದು ಮಾತು: ಹಳೆಯ ಗೃಹಸಾಲ ತೀರಿಸಲು ಪಡೆದ ಹೊಸ ಸಾಲದ ಬಡ್ಡಿಗೆ, ನೀವು ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ, ವಾಸದ ಮನೆಯ ಮೇಲಿನ 2 ಲಕ್ಷದ ಮಿತಿಯೊಳಗೆ ವಿನಾಯಿತಿ ಮುಂದುವರಿಯುತ್ತದೆ. ಕಾರ್ಡ್ ತೀರಿಸಲು ಬಳಸಿದ ಟಾಪ್-ಅಪ್‌ನ ಬಡ್ಡಿಗೆ ಅದು ಸಿಗುವುದಿಲ್ಲ.

ಪ್ರಶ್ನೆ ಕೇಳಿದವರ ಮರುಮಾತು

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ನಿನ್ನೆ ರಾತ್ರಿ ಪತಿಯೂ ನಾನೂ ಕೂತು ಈ ಸಂಖ್ಯೆಗಳನ್ನೆಲ್ಲ ನಾವೇ ಹಾಕಿ ನೋಡಿದೆವು. ಠೇವಣಿ ಮುರಿದು ಕಾರ್ಡನ್ನು ತೀರಿಸಿಯಾಯಿತು. ಟಾಪ್-ಅಪ್ ಬೇಡವೆಂದು ತೀರ್ಮಾನಿಸಿದ್ದೇವೆ. ಈಗಿನ ಸಂಸ್ಥೆಗೆ ಪತ್ರ ಬರೆದಾಗ ಬಾಕಿಯ ಶೇ. 0.5ರಷ್ಟು ಶುಲ್ಕ ಮತ್ತು ಜಿಎಸ್‌ಟಿ ಸೇರಿ 15,340 ಕಟ್ಟಿದರೆ ದರವನ್ನು ಶೇ. 8.6ಕ್ಕೆ ಇಳಿಸುತ್ತೇವೆ ಎಂದರು. ಹೊಸ ಬ್ಯಾಂಕಿನಲ್ಲಿ ಎಲ್ಲ ಖರ್ಚು ಸೇರಿ 34,000 ಆಗುತ್ತದಂತೆ. ಯಾವುದು ಮೇಲು? ಇನ್ನೊಂದು ಸಂಶಯ: ಮನೆಯ ಮೂಲ ಪತ್ರಗಳು ಹಳೆಯ ಸಂಸ್ಥೆಯಲ್ಲಿವೆ, ಅವು ಸುರಕ್ಷಿತವಾಗಿ ಹೊಸ ಬ್ಯಾಂಕಿಗೆ ತಲುಪುವುದು ಹೇಗೆ?

ಎರಡನೆಯ ಉತ್ತರ ಬರೆದವರಿಂದ

ಶೇ. 8.6 ಮತ್ತು 7.9ರ ನಡುವಣ ವ್ಯತ್ಯಾಸ ನಿಮ್ಮ ಬಾಕಿಗೆ ಮೊದಲ ತಿಂಗಳಲ್ಲಿ ಸುಮಾರು 1,517 ರೂಪಾಯಿ. ವರ್ಗಾವಣೆಗೆ ಹೆಚ್ಚುವರಿಯಾಗಿ ತಗಲುವ 18,660 ಒಂದು ವರ್ಷದ ಆಚೀಚೆ ಹಿಂತಿರುಗುತ್ತದೆ, ಉಳಿದ ಹನ್ನೊಂದು ವರ್ಷ ಲಾಭವೇ. ನಾನಾಗಿದ್ದರೆ ವರ್ಗಾಯಿಸುತ್ತಿದ್ದೆ, ದರ ರೆಪೊಗೆ ಜೋಡಣೆಯಾಗಿರುವುದರಿಂದ ಮುಂದೆ ಏರಿದರೂ ಇಳಿದರೂ ಕಾರಣ ನಿಮ್ಮ ಕಣ್ಣಿಗೆ ಕಾಣುತ್ತದೆ. ಆದರೆ ಮಂಜೂರಾತಿ ಪತ್ರದಲ್ಲಿ ರೆಪೊದ ಮೇಲೆ ಎಷ್ಟು ಸ್ಪ್ರೆಡ್ (ಬ್ಯಾಂಕಿನ ಹೆಚ್ಚುವರಿ ಬಡ್ಡಿ ಅಂಶ) ಸೇರಿಸಿದ್ದಾರೆ, ಅವಧಿ 146 ತಿಂಗಳು ಎಂದೇ ಬರೆದಿದ್ದಾರೆಯೇ ಎಂಬುದನ್ನು ನೋಡಿಯೇ ಸಹಿ ಮಾಡಿ. ಅರ್ಜಿಯನ್ನು ಎರಡು ಮೂರು ವಾರ ತಡೆದು ಹಾಕಿದರೆ ಇನ್ನೂ ಒಳ್ಳೆಯದು. ಸಾಲದ ವಿವರಗಳು 2025ರ ಜನವರಿಯಿಂದ ಸ್ಕೋರ್ ಲೆಕ್ಕ ಹಾಕುವ ಕ್ರೆಡಿಟ್ ಬ್ಯೂರೋಗಳಿಗೆ ಹದಿನೈದು ದಿನಕ್ಕೊಮ್ಮೆಯಾದರೂ ಹೋಗುತ್ತಿರುವುದರಿಂದ, ಕಾರ್ಡಿನ ಬಾಕಿ ಸೊನ್ನೆಯಾದದ್ದು ಅಷ್ಟರಲ್ಲಿ ನಿಮ್ಮ ಸ್ಕೋರಿನಲ್ಲಿ ಕಾಣುತ್ತದೆ, ದರದ ಬಗ್ಗೆ ಚೌಕಾಸಿ ಮಾಡಲು ಅದು ನೆರವಾಗುತ್ತದೆ.

ಪತ್ರಗಳ ವಿಷಯಕ್ಕೆ ಬಂದರೆ, ಹಳೆಯ ಸಂಸ್ಥೆಯಿಂದ ಈಗಲೇ ಎರಡನ್ನು ಲಿಖಿತವಾಗಿ ಕೇಳಿ ಪಡೆಯಿರಿ: ಬಾಕಿ ಮೊತ್ತ ತಿಳಿಸುವ ಫೋರ್‌ಕ್ಲೋಷರ್ ಪತ್ರ ಮತ್ತು ತಮ್ಮಲ್ಲಿರುವ ದಾಖಲೆಗಳ ಪಟ್ಟಿ. ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಮೂಲ ಪತ್ರಗಳನ್ನು ಹಿಂದಿರುಗಿಸಬೇಕು, ತಮ್ಮ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಪತ್ರಗಳು ಕೈಗೆ ಬಂದ ದಿನ ಪಟ್ಟಿಯನ್ನು ಹಿಡಿದು ಒಂದೊಂದಾಗಿ ಗುರುತು ಹಾಕಿ, ಕ್ರಯಪತ್ರದ ಪ್ರತಿ ಪುಟದ ಫೋಟೋ ತೆಗೆದುಕೊಂಡು, ಆಮೇಲೆ ಹೊಸ ಬ್ಯಾಂಕಿಗೆ ಒಪ್ಪಿಸಿ ಸ್ವೀಕೃತಿ ಪಡೆಯಿರಿ. ಹಳೆಯ ಅಡಮಾನ ರದ್ದಾದದ್ದು ಋಣಭಾರ ಪತ್ರದಲ್ಲಿ (ಇಸಿ, ಆಸ್ತಿಯ ಮೇಲಿನ ನೋಂದಾಯಿತ ಸಾಲ-ವಹಿವಾಟುಗಳ ದಾಖಲೆ) ಕಾಣಿಸುತ್ತಿದೆಯೇ ಎಂದು ಒಂದೆರಡು ತಿಂಗಳ ನಂತರ ಮತ್ತೊಮ್ಮೆ ತೆಗೆಸಿ ನೋಡಿ.