ಎಂಜಲು ಜೇನು

ಪುಣೆಯ ಕೋಥ್ರೂಡಿನ ನಮ್ಮ ಮನೆಯಲ್ಲಿ ಭಾನುವಾರ ಮೂವರು ಕನ್ನಡಿಗರು ಸೇರಿದರೆ ಮಾತು ರಾಜಕೀಯಕ್ಕೇ ಹೋಗುತ್ತದೆ. ಈ ಸಲ ಹೋಗಲಿಲ್ಲ. ಎದುರು ಬಿಲ್ಡಿಂಗಿನ ಐದನೇ ಮಹಡಿಯ ಸಜ್ಜದ ಕೆಳಗೆ ಮೊರದಗಲದ ಹೆಜ್ಜೇನು ಕಟ್ಟಿತ್ತು. ವಾಚ್‌ಮನ್ ಮರಾಠಿಯಲ್ಲಿ 'ಆಗ್ಯಾ ಮೋಹೋಳ' (ಹೆಜ್ಜೇನು) ಎಂದು ಹೋಗಿ ಬರುವವರನ್ನೆಲ್ಲ ಹೆದರಿಸುತ್ತಿದ್ದ. ನಾವು ಕಿಟಕಿ ಮುಚ್ಚಿ ಕೂತಿದ್ದೆವು.

ಶಿರಸಿಯ ಹೆಗಡೆ ಊರಿಂದ ತಂದುಕೊಟ್ಟ ತುಡುವೆ ಜೇನಿನ ಬಾಟ್ಲಿ ಮೇಜಿನ ಮೇಲಿತ್ತು. ಫ್ರಿಜ್ಜಿನಲ್ಲಿಟ್ಟು ತುಪ್ಪದ ಹಾಗೆ ಗಟ್ಟಿಯಾಗಿತ್ತು.

"ಸಕ್ರಿ ಪಾಕ ಬೆರಸ್ಯಾರ" ಎಂದ ಧಾರವಾಡದ ಕುಲಕರ್ಣಿ.

ಶಿರಸಿಯವರ ಮುಂದೆ ಜೇನಿಗೆ ಹೆಸರಿಟ್ಟರೆ ಅಡಿಕೆ ರೇಟು ಬಿದ್ದಷ್ಟೇ ನೋವು. "ಸುಮ್ನಿರು ಮಾರಾಯ. ಗ್ಲೂಕೋಸು ಹರಳು ಕಟ್ಟಿದೆ, ಅಷ್ಟೆ. ಬೆಚ್ಚಗಿನ ನೀರಲ್ಲಿಟ್ಟರೆ ಕರಗ್ತದೆ."

ನನ್ನ ಹೆಂಡತಿ ಬಾಟ್ಲಿ ಒಳಗೆ ಒಯ್ದಳು.

"ಅಲ್ಲೋ, ನೊಣ ಹೂವಿನಾಗಿನ ಜೇನು ಹೀರಿ ತಂದು ಇಲ್ಲಿ ಸುರೀತದ. ಟ್ಯಾಂಕರ್ ಕೆಲಸ. ಅದರಾಗೇನದ ದೊಡ್ಡಸ್ತಿಕಿ?"

"ಹೂವಲ್ಲಿ ಜೇನೆಲ್ಲಿದೆ? ಇರೋದು ಮಕರಂದ, ಅದರಲ್ಲೂ ಜಾಸ್ತಿ ನೀರೇ. ನೊಣಕ್ಕೆ ಊಟದ ಹೊಟ್ಟೆ ಬೇರೆ, ಜೇನುಚೀಲ ಬೇರೆ. ಚೀಲದಲ್ಲಿ ತುಂಬಿ ತಂದು, ಗೂಡಲ್ಲಿರೋ ನೊಣದ ಬಾಯಿಗೆ ಕಕ್ಕುತ್ತದೆ. ಅದು ಇನ್ನೊಂದರ ಬಾಯಿಗೆ."

ಕುಲಕರ್ಣಿಯ ಚಹಾ ಕಪ್ಪು ಗಾಳಿಯಲ್ಲೇ ನಿಂತಿತು. "ಕಕ್ಕತದ?"

"ಹೂಂ. ಅದರ ಕಿಣ್ವ ಸೇರಿ ಸಕ್ಕರೆ ಒಡೆದು ಗ್ಲೂಕೋಸು, ಫ್ರಕ್ಟೋಸು ಆಗೋದು."

"ಅಂದ್ರ ಎಂಜಲಾ! ಇದನ್ನೇ ಏನೋ ಪಂಚಾಮೃತಕ್ಕ ಹಾಕೋದು?"

ಹೆಗಡೆ ನಿಲ್ಲಿಸಲಿಲ್ಲ. ರಾತ್ರಿಯಿಡೀ ರೆಕ್ಕೆ ಬೀಸಿ ನೀರು ಆರಿಸುತ್ತವಂತೆ. ನೂರಕ್ಕೆ 18-20 ಪಾಲು ನೀರು ಉಳಿದಾಗ ಗೂಡಿನ ಕಣ್ಣಿಗೆ ಮೇಣದ ಮುಚ್ಚಳ. ಅಷ್ಟು ಕಡಿಮೆ ನೀರಿದ್ದರೆ ಜೇನು ಹುಳಿಯುವುದಿಲ್ಲ. (ನಮ್ಮ ಸೊಸೈಟಿಯ ನೀರಿನ ಟ್ಯಾಂಕಿಗೆ ಮುಚ್ಚಳ ಹಾಕಿಸಲು ಮೂರು ಮೀಟಿಂಗ್ ಆಗಿವೆ. ಮುಚ್ಚಳ ಬಂದಿಲ್ಲ.)

ನಾನೂ ಸ್ವಲ್ಪ ಜಾಣತನ ತೋರಿಸಿದೆ. "ಹೂವು ಯಾವ ಕಡೆ, ಎಷ್ಟು ದೂರ ಅಂತ ಕುಣಿದೇ ಹೇಳ್ತವೆ. ಆ ಕುಣಿತ ಬಿಡಿಸಿದ ಕಾರ್ಲ್ ಫಾನ್ ಫ್ರಿಶ್‌ಗೆ 1973ರಲ್ಲಿ ನೊಬೆಲ್ ಬಂತು."

"ಮೊನ್ನಿ ಮದುವಿ ವರಾತದಾಗ ಎರಡು ತಾಸು ಕುಣದ್ವಿ" ಎಂದ ಕುಲಕರ್ಣಿ. "ಕಾರ್ಯಾಲಯ ಎಲ್ಲದ ಅಂತ ಒಬ್ಬರಿಗೂ ತಿಳೀಲಿಲ್ಲ."

ಆಮೇಲೆ ಎದುರಿನ ಗೂಡನ್ನು ಪೆಟ್ಟಿಗೆಗೆ ಇಳಿಸಿ ಸಾಕುವ ಯೋಜನೆ ಹಾಕಿದ. ಹೆಗಡೆ ಹಣೆ ಚಚ್ಚಿಕೊಂಡ. "ಪೆಟ್ಟಿಗೆಗೆ ಒಗ್ಗೋದು ತುಡುವೆ. ಹೆಜ್ಜೇನು ಬಯಲಲ್ಲಿ ಒಂದೇ ಜೇನುಹಲ್ಲೆ ಕಟ್ಟೋ ಜಾತಿ. ಈ ಊರಲ್ಲೇ 1962ರಿಂದ ಕೇಂದ್ರದ ಜೇನು ಸಂಶೋಧನಾ ಸಂಸ್ಥೆ ಇದೆ. ಗಣೇಶಖಿಂಡ್ ರಸ್ತೆಗೆ ಹೋಗಿ ಕೇಳು."

"ಇಪ್ಪತ್ತು ವರ್ಷ ಅದೇ ರಸ್ತಾದಾಗ ಸ್ಕೂಟರ್ ಹೊಡದೀನಿ. ಬೋರ್ಡ್ ಕಂಡಿಲ್ಲ ನೋಡು."

ಅಷ್ಟರಲ್ಲಿ ಕರಗಿದ ಜೇನು, ಬಿಸಿ ಚಪಾತಿ ಬಂದವು. ಎಂಜಲು ಎಂದವನೇ ಮೊದಲು ಚಮಚ ಅದ್ದಿದ. ಕಣ್ಣು ಮುಚ್ಚಿ ಪೂರ್ತಿ ನೆಕ್ಕಿದ.

"ಒಂದು ನೊಣ ಬದುಕಿಡೀ ದುಡಿದರೆ ಸುಮಾರು ಟೀಚಮಚದ 12ನೇ ಒಂದು ಪಾಲು ಜೇನು" ಎಂದ ಹೆಗಡೆ. "ನೀನು ಒಂದೇ ಗುಟುಕಿಗೆ ಹನ್ನೆರಡು ಜನ್ಮ ನುಂಗಿದೆ."

ಕುಲಕರ್ಣಿಗೆ ಮನಸ್ಸು ಕರಗಿತು. "ಪಾಪ!" ಎಂದು ಎದೆ ಮುಟ್ಟಿಕೊಂಡ. ಅದೇ ಚಮಚ ಮತ್ತೆ ಬಾಟ್ಲಿಗೆ ಇಳಿಸಿದ.

ಅಡುಗೆಮನೆ ಬಾಗಿಲಿಂದ ನನ್ನ ಹೆಂಡತಿ ಕೂಗಿದಳು: "ಅಯ್ಯೋ ಕುಲಕರ್ಣಿಯವರೇ, ಎಂಜಲು ಚಮಚ!"